ಹೆಸರಿನ ಬೆನ್ನು ಬಿಡಿ, ಸರ್ವೆ ನಂಬರಿನ ಬೆನ್ನು ಹತ್ತಿ: ಉತ್ತರ ಕನ್ನಡದಲ್ಲಿ ಹಿರಿಯರ ಮನೆತನ, ಮೂಲಮನೆ ಹುಡುಕುವ ಕ್ರಮ

ಮುತ್ತಜ್ಜನ ಹೆಸರೊಂದನ್ನೇ ಹಿಡಿದು ತಾಲೂಕು ಕಚೇರಿಗೆ ಹೋದವರು ಸಾಮಾನ್ಯವಾಗಿ ಬರಿಗೈಯಲ್ಲಿ ವಾಪಸು ಬರುತ್ತಾರೆ. ಅಲ್ಲಿ ಹಳೆಯ ಕಡತಗಳ ಗಂಟು ಕಟ್ಟಿಟ್ಟಿರುವುದು ಊರು ಮತ್ತು ಸರ್ವೆ ನಂಬರಿನ ಲೆಕ್ಕದಲ್ಲಿ, ಹೆಸರಿನ ಲೆಕ್ಕದಲ್ಲಲ್ಲ. ಇನ್ನು ಕೆಲವರು ‘ನಮ್ಮವರು ಸೋಂದೆ ಅರಸರ ಕಾಲಕ್ಕೆ ಬಂದವರಂತೆ’ ಎಂಬಲ್ಲಿಂದ ಶುರುಮಾಡಿ ಕೆಳಗಿಳಿಯಲು ನೋಡುತ್ತಾರೆ. ಹಾಗೆ ಇಳಿದವರಿಗೆ ನಡುವಿನ ನಾಲ್ಕು ತಲೆಮಾರು ಎಂದೂ ಸಿಗುವುದಿಲ್ಲ.

ದಾರಿ ಒಂದೇ. ಇವತ್ತಿನ ಪಹಣಿಯಿಂದ ಹೊರಟು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅದಲು ಬದಲು ಮಾಡಿದರೆ ಒಂದೇ ಕಚೇರಿಗೆ ಮೂರು ಸಲ ಅಲೆಯಬೇಕಾಗುತ್ತದೆ.

ಮೊದಲು ಬೇಕಾದ ಸಾಮಾನು

ಇನ್ನೂರು ಪುಟದ ಉದ್ದ ನೋಟ್‌ಬುಕ್ಕು, ಪೆನ್ಸಿಲ್ಲು, ಭೂತಗನ್ನಡಿ, ಒಳ್ಳೆ ಕ್ಯಾಮೆರಾ ಇರುವ ಫೋನು, ಹಳೆಯ ವರ್ಷಗಳ ಪಂಚಾಂಗ. ರೆಕಾರ್ಡ್ ರೂಮಿನಲ್ಲಿ ಪೆನ್ನು ತೆಗೆಯಬೇಡಿ. ಮಳೆಗಾಲದ ತೇವ ಕುಡಿದ ಕಾಗದ ಮುಟ್ಟಿದರೆ ಪುಡಿಯಾಗುತ್ತದೆ, ಶಾಯಿ ತಾಗಿದರೆ ಹರಡುತ್ತದೆ.

ನೋಟ್‌ಬುಕ್ಕಿನಲ್ಲಿ ಒಬ್ಬರಿಗೆ ಒಂದು ಪುಟ, ಪ್ರತಿಯೊಬ್ಬರಿಗೂ ಒಂದು ನಂಬರು. ನೀವು 1. ಅಪ್ಪ 2, ಅಮ್ಮ 3. ಯಾರದೇ ನಂಬರನ್ನು ಎರಡರಿಂದ ಗುಣಿಸಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ಅಂದರೆ ಅಪ್ಪನ ಅಪ್ಪ 4, ಅಮ್ಮನ ಅಪ್ಪ 6. ಇದು ಸುಮ್ಮನೆ ಶಿಸ್ತಿಗೆ ಹೇಳಿದ್ದಲ್ಲ. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಗಣಪತಿಯ ಮಗ ಪರಮೇಶ್ವರ, ಅವನ ಮಗ ಗಣಪತಿ, ಮತ್ತೆ ಪರಮೇಶ್ವರ ಎಂದು ಸಾಲು ಹೋಗುತ್ತದೆ. ನಂಬರಿಲ್ಲದಿದ್ದರೆ ಮೂರನೇ ದಿನಕ್ಕೆ ಯಾವ ಗಣಪತಿ ಯಾರೆಂದು ನಿಮಗೇ ತಿಳಿಯುವುದಿಲ್ಲ.

ಹಂತ 1: ಮನೆಯೊಳಗೆ ಹುಡುಕಿ ಮುಗಿಸಿ

ಅಟ್ಟದ ಪೆಟ್ಟಿಗೆಯಲ್ಲಿ ಹುಡುಕಬೇಕಾದವು: ಕಂದಾಯ ತುಂಬಿದ ರಸೀದಿ, ಹಿಸೆಪತ್ರ (ಕೆಲವೆಡೆ ವಾಟ್ನಿ ಪತ್ರ ಎನ್ನುತ್ತಾರೆ), ಗೇಣಿ ಚೀಟಿ, ಸೊಸೈಟಿಯ ಷೇರು ಪತ್ರ, ಅಡಿಕೆ ದಲಾಲಿಯ ಪಟ್ಟಿ, ಜಾತಕ, ಲಗ್ನಪತ್ರಿಕೆ. ಇವುಗಳಲ್ಲಿ ಹಿಸೆಪತ್ರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಅದರಲ್ಲಿ ಅಣ್ಣತಮ್ಮಂದಿರ ಹೆಸರು, ಯಾರಿಗೆ ಯಾವ ಸರ್ವೆ ನಂಬರು, ಮನೆಯ ಯಾವ ಅಂಕಣ ಯಾರಿಗೆ ಎನ್ನುವುದೆಲ್ಲ ಇರುತ್ತದೆ.

ಶ್ರಾದ್ಧ ಮಾಡುವ ಮನೆಯಾದರೆ ಪುರೋಹಿತರನ್ನು ಕೇಳಿ. ತರ್ಪಣದಲ್ಲಿ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರೂ ಬರುತ್ತವೆ. ತಾಯಿಯ ತವರಿನ ಮೂರು ತಲೆಮಾರೂ ಬರುತ್ತದೆ. ಈ ತವರಿನ ಸಾಲನ್ನು ಬರೆದುಕೊಳ್ಳಲು ಹೆಚ್ಚಿನವರು ಮರೆಯುತ್ತಾರೆ. ದೊಡ್ಡಪ್ಪ ಹಿಡಿದಿಟ್ಟ ತರ್ಪಣದ ಚೀಟಿ ಅಜ್ಜನ ಕಾಲದ್ದಾಗಿದ್ದರೆ ಇನ್ನೂ ಎರಡು ತಲೆಮಾರು ಮೇಲಕ್ಕೆ ಹೋಗುತ್ತೀರಿ.

ಹಿರಿಯರನ್ನು ಮಾತಾಡಿಸುವಾಗ ಸಂಬಂಧದ ಶಬ್ದವನ್ನು ನಂಬಿ ಕೂರಬೇಡಿ. ಶಿರಸಿ ಕಡೆ ‘ಆಯಿ’ ಅಂದರೆ ತಾಯಿ, ಧಾರವಾಡ ಸೇರಿದ ಕವಲಿನಲ್ಲಿ ಅದೇ ‘ಆಯಿ’ ಅಜ್ಜಿ. ‘ಯಾರ ಆಯಿ? ಯಾವ ಊರಿಂದ ತಂದಿದ್ದು?’ ಎಂದು ಎರಡೂ ಕೇಳಿ. ‘ಯಾವಾಗ ತೀರಿಕೊಂಡರು’ ಎಂದರೆ ಇಸವಿ ಬರುವುದಿಲ್ಲ. ‘ತಿಥಿ ಯಾವತ್ತು ಮಾಡ್ತಿದ್ರಿ’ ಎಂದರೆ ‘ಮಾಘ ಬಹುಳ ಅಷ್ಟಮಿ’ ಎಂದು ತಟ್ಟನೆ ಬರುತ್ತದೆ.

ಹಂತ 2: ಕೇರಿಯ ಹೆಸರಿನಿಂದ ಕಂದಾಯ ಗ್ರಾಮದ ಹೆಸರಿಗೆ

ಮನೆಯವರು ಹೇಳುವುದು ಕೇರಿಯ, ಕೊಪ್ಪದ, ವಾಡೆಯ ಹೆಸರು. ದಾಖಲೆಯಲ್ಲಿರುವುದು ಕಂದಾಯ ಗ್ರಾಮದ್ದು. ಘಟ್ಟದ ಮೇಲೆ ನಾಲ್ಕು ಮನೆಯ ಮಜರೆಗೂ ಒಂದು ಹೆಸರುಂಟು, ಆದರೆ ಅಂಥ ಹತ್ತು ಮಜರೆ ಸೇರಿ ಒಂದು ಗ್ರಾಮವಾಗಿರಬಹುದು. ಗ್ರಾಮ ಆಡಳಿತ ಅಧಿಕಾರಿಯ ಬಳಿ ಗ್ರಾಮನಕ್ಷೆ ನೋಡಿ, ಮಜರೆ ಯಾವ ಗ್ರಾಮದಲ್ಲಿದೆ, ಆ ಗ್ರಾಮ ಯಾವ ಹೋಬಳಿ, ಯಾವ ತಾಲೂಕು ಎಂದು ಬರೆದುಕೊಳ್ಳಿ.

ಎರಡು ಊರುಗಳ ವಿಷಯದಲ್ಲಿ ಎಚ್ಚರ. ಹಳೆಯ ಕಾಗದದಲ್ಲಿ ‘ಸೂಪಾ ತಾಲೂಕು’ ಎಂದಿದ್ದರೆ ಇವತ್ತಿನ ಜೋಯಿಡಾ ನೋಡಬೇಕು. ಸೂಪಾ ಪೇಟೆ ಕಾಳಿನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಇನ್ನೊಂದು, ಕಂಪನಿ ಕಾಲದ ಬರಹಗಳಲ್ಲಿ ‘ಕಾರವಾರ’ ಎಂದಾಗ ಅದು ಈಗಿನ ಪೇಟೆಯಲ್ಲ, ನದಿಯ ಒಳಬದಿಯ ಕಡವಾಡ. ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಹೊನ್ನಾವರ ‘ಓನೋರ್’ ಆಗಿ, ಕುಮಟಾ ‘ಕೂಂಪ್ಟಾ’ ಆಗಿ ಕಾಣುತ್ತದೆ. ಊರಿನ ಗುರುತು ಸಿಗದಿದ್ದರೆ 1883ರ ಬಾಂಬೆ ಗೆಜೆಟಿಯರಿನ 15ನೇ ಸಂಪುಟ ತೆಗೆಯಿರಿ. ಅದು ಪೂರ್ತಿ ಈ ಜಿಲ್ಲೆಯ ಮೇಲೇ ಇದೆ.

ಹಂತ 3: ಪಹಣಿಯಿಂದ ಡೈರಿಗೆ, ಡೈರಿಯಿಂದ ಹಿಂದಿನ ಡೈರಿಗೆ

ಇಡೀ ಹುಡುಕಾಟದ ಬೆನ್ನುಮೂಳೆ ಇದೇ. ಆರಾಮಾಗಿ, ಒಂದು ಸಲಕ್ಕೆ ಒಂದೇ ಸರ್ವೆ ನಂಬರ್ ಹಿಡಿದು ಮಾಡಿ. ಬಾಗಾಯತ ತೋಟದ ಅಥವಾ ಮನೆಯಡಿಯ ನಂಬರನ್ನೇ ಆರಿಸಿಕೊಳ್ಳಿ. ಗದ್ದೆ ಕೈಬದಲಾಗಿರುತ್ತದೆ, ತೋಟ, ಮನೆಯಡಿ ಬೇಗ ಕೈಬಿಡುವುದಿಲ್ಲ.

ಭೂಮಿ ತಂತ್ರಾಂಶದಲ್ಲಿ ಈಗಿನ ಪಹಣಿ ತೆಗೆಯಿರಿ. 9ನೇ ಕಾಲಮ್ಮಿನಲ್ಲಿ ಖಾತೆದಾರರ ಹೆಸರು. ನಿಮಗೆ ಅದಕ್ಕಿಂತ ಮುಖ್ಯ 10ನೇ ಕಾಲಮ್ಮು, ಅಂದರೆ ಸ್ವಾಧೀನತೆಯ ರೀತಿ. ಅಲ್ಲಿ ಮ್ಯುಟೇಶನ್ ನಂಬರ್ ಇರುತ್ತದೆ. ಮ್ಯುಟೇಶನ್ ಎಂದರೆ ಖಾತೆ ಒಬ್ಬರಿಂದ ಇನ್ನೊಬ್ಬರಿಗೆ ಬದಲಾದ ದಾಖಲೆ, ಹಳೆಯ ಮಾತಿನಲ್ಲಿ ಡೈರಿ. 11ರಲ್ಲಿ ಸಾಲ, ಜೀವನಾಂಶ, ಇತರೆ ಹಕ್ಕು. 12ರಲ್ಲಿ ಸಾಗುವಳಿದಾರರು.

ಈಗ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ‘ನಮ್ಮ ಮನೆತನದ ದಾಖಲೆ’ ಎಂದು ಬರೆಯಲೇಬೇಡಿ. ಗ್ರಾಮ, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನ ಉಪವಿಭಾಗ), ಬೇಕಾದ ವರ್ಷ, ಬೇಕಾದ ಕಾಗದದ ಹೆಸರು ಇಷ್ಟೇ ಇರಲಿ. ಕೇಳಬೇಕಾದ ಕಾಗದಗಳು ಈ ಕ್ರಮದಲ್ಲಿ:

1. ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿ.
2. ಅದರಲ್ಲಿ ಕಾಣುವ ಪ್ರತಿ ಡೈರಿ ನಂಬರಿನ ನಕಲು. ಜಿಲ್ಲೆ 1956ರ ತನಕ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ‘ಡೈರಿ’, ‘ವರ್ದಿ’ (ಬದಲಾವಣೆ ತಿಳಿಸಿ ಕೊಟ್ಟ ವರದಿ), ‘ಉತಾರ’ (ದಾಖಲೆಯ ನಕಲು) ಎಂಬ ಶಬ್ದಗಳೇ ಹಳೆ ಕಡತಗಳಲ್ಲಿ ಸಿಗುತ್ತವೆ.
3. ಮುಂಬಯಿ ಕಾಲದ ಹಕ್ಕು ದಾಖಲೆಯ ಉತಾರ. ಇದು 20ನೇ ಶತಮಾನದ ಆರಂಭದ ದಶಕಗಳವರೆಗೆ ಕೊಂಡೊಯ್ಯುತ್ತದೆ.
4. ಆಕಾರಬಂದ್ (ಕ್ಷೇತ್ರ, ಕಂದಾಯದ ಪಟ್ಟಿ) ಮತ್ತು ಟಿಪ್ಪಣಿ (ಅಳತೆಯ ದಾಖಲೆ). ಇವು ಭೂಮಾಪನ ಶಾಖೆಯಲ್ಲಿ ಸಿಗುತ್ತವೆ, ರೆಕಾರ್ಡ್ ರೂಮಿನಲ್ಲಲ್ಲ.

ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆ ಕಡತಗಳು ಸ್ಕ್ಯಾನ್ ಆಗುತ್ತಿವೆ. ಗಂಟು ಬಿಚ್ಚಿಸುವ ಮೊದಲು ನಿಮ್ಮ ಗ್ರಾಮದ್ದು ಆಗಿದೆಯೇ ಎಂದು ಕೇಳಿ.

ಡೈರಿಯ ಬರಹ ಹೀಗಿರುತ್ತದೆ: ‘ಸದರ ಖಾತೇದಾರ ಮಯತನಾದ್ದರಿಂದ ವಾರಸದಾರ ಹಿರೇ ಮಗ ಇವನ ಹೆಸರು ಎ.ಕು. ಅಂತ ದಾಖಲು ಮಾಡಲು ವರ್ದಿ ಕೊಟ್ಟದ್ದು.’ ಇಷ್ಟು ಸಾಲಿನಲ್ಲಿ ಓದಬೇಕಾದ್ದು ಬಹಳವಿದೆ. ಮಯತ ಎಂದರೆ ತೀರಿಕೊಂಡವರು. ಎ.ಕು. ಎಂದರೆ ಏಕತ್ರ ಕುಟುಂಬ, ಅಂದರೆ ಹೆಸರು ಹಿರಿಯವನದಾದರೂ ಜಮೀನು ಎಲ್ಲ ಅಣ್ಣತಮ್ಮಂದಿರದು. ಒಂದೇ ಹೆಸರು ಕಂಡಿತೆಂದು ‘ಒಬ್ಬನೇ ಮಗ’ ಎಂದು ಬರೆದುಕೊಂಡು ಕೆಟ್ಟವರು ತುಂಬ ಜನ. ಉಳಿದ ತಮ್ಮಂದಿರು ಮುಂದೆ ಹಿಸೆಯಾದ ವರ್ಷದ ಡೈರಿಯಲ್ಲಿ ಒಟ್ಟಿಗೇ ಮೇಲೇಳುತ್ತಾರೆ.

ಇನ್ನು ಕೆಲವು ಶಬ್ದ: ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ, ‘ಯಾನೆ’ ಮತ್ತು ‘ಉರ್ಫ್’ ಎಂದರೆ ಇನ್ನೊಂದು ಹೆಸರು. ‘ಅಜ್ಞಾನ’ ಎಂದು ಬರೆದಿದ್ದರೆ ಬೈಗುಳವಲ್ಲ, ವಯಸ್ಸಿಗೆ ಬಾರದ ಹುಡುಗ. ಪಕ್ಕದಲ್ಲಿ ಪಾಲನಕರ್ತರ ಹೆಸರಿರುತ್ತದೆ, ಹೆಚ್ಚಾಗಿ ತಾಯಿ ಅಥವಾ ಸೋದರಮಾವ. ಹೆಂಗಸರ ಹೆಸರೇ ಸಿಗದ ಕಡತದಲ್ಲಿ ತಾಯಿಯ ಹೆಸರು ಸಿಗುವ ಜಾಗ ಇದು, ದಾಟಿ ಹೋಗಬೇಡಿ.

ಪಾಲನ್ನು ಆಣೆಯಲ್ಲಿ ಬರೆದಿರುತ್ತಾರೆ. ಪೂರ್ತಿ ಎಂದರೆ 16 ಆಣೆ. 4 ಆಣೆ ಪಾಲು ಎಂದಿದ್ದರೆ ನಾಲ್ಕು ಕವಲು ಇದ್ದವೆಂದು ಊಹಿಸಿ ಉಳಿದ ಮೂರನ್ನು ಹುಡುಕಿ. 5 ಆಣೆ 4 ಪೈ ಎಂದರೆ ಮೂರರಲ್ಲಿ ಒಂದು (ಆಣೆಗೆ 12 ಪೈ). ಲೆಕ್ಕ 16ಕ್ಕೆ ಕೂಡಿಬಾರದಿದ್ದರೆ ಯಾರೋ ಒಬ್ಬ ಅಣ್ಣನೋ ತಮ್ಮನೋ ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋಗಿದ್ದಾನೆ. ಕ್ಷೇತ್ರದ ಕಾಲಮ್ಮಿನಲ್ಲಿರುವ ಆಣೆ ಬೇರೆ. ಅಲ್ಲಿ ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ.

ಡೈರಿಯ ತಾರೀಖನ್ನು ಸಾವಿನ ತಾರೀಖು ಎಂದು ತಿಳಿಯಬೇಡಿ. ಅಪ್ಪ ತೀರಿಕೊಂಡು ಹತ್ತು ಹದಿನೈದು ವರ್ಷದ ಮೇಲೆ, ಸೊಸೈಟಿ ಸಾಲಕ್ಕೆ ಪಹಣಿ ಬೇಕಾದಾಗ ವರ್ದಿ ಕೊಟ್ಟವರೇ ಹೆಚ್ಚು. ‘ಇಷ್ಟರೊಳಗೆ ತೀರಿಕೊಂಡಿದ್ದರು’ ಎಂದಷ್ಟೇ ಬರೆದುಕೊಳ್ಳಿ.

ಅಂಕೋಲಾ, ಸಿದ್ದಾಪುರದವರಿಗೆ ಒಂದು ಪ್ರತ್ಯೇಕ ಮಾತು. 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಸರ್ಕಾರ ಅನೇಕರ ಜಮೀನು ಮುಟ್ಟುಗೋಲು ಹಾಕಿ ಹರಾಜು ಮಾಡಿತು. ಮುಂದೆ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಎಷ್ಟೋ ಜಮೀನು ಮೂಲ ಮನೆಗಳಿಗೆ ಮರಳಿತು. ಆ ವರ್ಷಗಳಲ್ಲಿ ಖಾತೆ ಏಕಾಏಕಿ ಪರಕೀಯನ ಹೆಸರಿಗೆ ಹೋಗಿದ್ದರೆ ‘ನಮ್ಮ ಎಳೆ ಇಲ್ಲಿಗೆ ತುಂಡಾಯಿತು’ ಎಂದು ಬಿಡಬೇಡಿ. ಅದೇ ಸರ್ವೆ ನಂಬರನ್ನು ಇನ್ನೂ ಹತ್ತು ವರ್ಷ ಮುಂದಕ್ಕೂ ಹಿಂದಕ್ಕೂ ನೋಡಿ.

ಹಂತ 4: ಖಾತೆಯಲ್ಲಿ ಹೆಸರೇ ಇಲ್ಲದವರು

ಗೇಣಿಗೆ ಮಾಡಿದವರ ಹೆಸರು 9ನೇ ಕಾಲಮ್ಮಿನಲ್ಲಿ ಸಿಗುವುದಿಲ್ಲ. ಅವರಿಗೆ ದೊಡ್ಡ ಆಸರೆ ಭೂ ನ್ಯಾಯಮಂಡಳಿಯ ಕಡತ. 1974ರ ಮಾರ್ಚ್ 1ಕ್ಕೆ ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯ ನಂತರ ಗೇಣಿದಾರರು ಫಾರಂ ನಂಬರ್ 7 ತುಂಬಿದರು. ಅದರಲ್ಲಿ ಗೇಣಿದಾರನ ಹೆಸರು, ಒಡೆಯನ ಹೆಸರು, ಸರ್ವೆ ನಂಬರು ಇರುತ್ತವೆ. ಕಡತದೊಳಗಿನ ಹೇಳಿಕೆಗಳಲ್ಲಿ ‘ಈ ಜಮೀನು ನನ್ನ ಅಜ್ಜನ ಕಾಲದಿಂದ ಚಾಲಗೇಣಿಯಲ್ಲಿ ನಮ್ಮ ಕಬ್ಜೆಯಲ್ಲಿದೆ’ ಎಂಬಂಥ ಮಾತು, ಅಜ್ಜನ ಹೆಸರು, ಕೆಲವೊಮ್ಮೆ ಪೂರ್ತಿ ವಂಶಾವಳಿಯೇ ಸಿಗುತ್ತದೆ. ಆದೇಶದ ಪ್ರತಿ ಒಂದೇ ಕೇಳಬೇಡಿ, ಪೂರ್ತಿ ಕಡತದ ನಕಲು ಕೇಳಿ. ಚಾಲಗೇಣಿ ಎಂದರೆ ಕಾಯಂ ಅಲ್ಲದ ಗೇಣಿ, ಮೂಲಗೇಣಿ ಎಂದಿದ್ದರೆ ಅದು ಕಾಯಂ ಗೇಣಿ. ಅಂಥವರ ಮೂಲಗೇಣಿ ಪತ್ರ ನೋಂದಣಿ ಕಚೇರಿಯಲ್ಲೂ ಇರಬಹುದು.

ಸರ್ಕಾರ ಜಮೀನು ತೆಗೆದುಕೊಂಡ ಊರುಗಳಲ್ಲಿ (ಕಾರವಾರ-ಅಂಕೋಲಾ ನಡುವಿನ ನೌಕಾನೆಲೆ, ಕಾಳಿನದಿಯ ಅಣೆಕಟ್ಟುಗಳು, ಕೊಂಕಣ ರೈಲು) ಭೂಸ್ವಾಧೀನದ ಐತೀರ್ಪು (ಪರಿಹಾರ ಗೊತ್ತುಮಾಡಿದ ಆದೇಶ) ಬಂಗಾರದಂಥ ಕಾಗದ. ಪರಿಹಾರಕ್ಕಾಗಿ ವಾರಸುದಾರರನ್ನೆಲ್ಲ ಹೆಸರಿಸಿರುತ್ತಾರೆ. ಮನೆ, ಬಾವಿ, ತೆಂಗಿನ ಮರಗಳ ಲೆಕ್ಕವೂ ಇರುವುದರಿಂದ ಮನೆ ಹೇಗಿತ್ತೆಂಬುದೂ ತಿಳಿಯುತ್ತದೆ.

ಹಂತ 5: ನೋಂದಣಿ ಕಚೇರಿ

ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ 2004ರ ಈಚಿನದು ಗಣಕದಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಕೈಬರಹದ ಸೂಚಿ ಹುಡುಕಿಸಬೇಕು. ಸೂಚಿ 1 ಹೆಸರಿನ ಪ್ರಕಾರ, ಸೂಚಿ 2 ಆಸ್ತಿಯ ಪ್ರಕಾರ. ಸ್ಥಿರಾಸ್ತಿಯ ಪುಸ್ತಕ 1ನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಮೃತ್ಯುಪತ್ರಗಳಿರುವ ಪುಸ್ತಕ 3ರ ನಕಲು, ಬರೆದವರು ತೀರಿಕೊಂಡ ಮೇಲೆ, ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ. ಮೃತ್ಯುಪತ್ರದಲ್ಲಿ ಹೆಣ್ಣುಮಕ್ಕಳ ಹೆಸರು, ಅವರನ್ನು ಕೊಟ್ಟ ಊರು ಎರಡೂ ಇರುತ್ತವೆ. ಹಕ್ಕು ಬಿಟ್ಟುಕೊಟ್ಟ ಪತ್ರಗಳೂ ಹಾಗೆಯೇ.

ಮೂವತ್ತು ವರ್ಷ ಹುಡುಕಿ ಎಂದರೆ ಯಾರೂ ಹುಡುಕುವುದಿಲ್ಲ. ಹಂತ 3ರ ಡೈರಿಯಿಂದ ವರ್ಷ ತೆಗೆದುಕೊಂಡು, ಅದರ ಆಚೀಚೆ ಎರಡೆರಡು ವರ್ಷ ಕೇಳಿ.

ಹಂತ 6: ಜನನ-ಮರಣ, ಶಾಲೆಯ ರಿಜಿಸ್ಟರ್

ಈಗಿನ ಜನನ-ಮರಣ ನೋಂದಣಿ ಕಾಯ್ದೆ 1969ರದು. ಅದಕ್ಕೂ ಹಿಂದಿನ ಗ್ರಾಮವಾರು ಪುಸ್ತಕಗಳಲ್ಲಿ ಉಳಿದವು ತಾಲೂಕು ಕಚೇರಿಯಲ್ಲಿರುತ್ತವೆ. ಹಳೆಯ ಜನನ ಪುಸ್ತಕದಲ್ಲಿ ಮಗುವಿನ ಹೆಸರು ಇರದೆ, ‘ಗಂಡು’ ಎಂದಷ್ಟೇ ಬರೆದು ತಂದೆಯ ಹೆಸರು ಇರುವುದು ಮಾಮೂಲು. ಮಗುವಿನ ಹೆಸರಿಗೆ ಹುಡುಕಿದರೆ ಸಿಗುವುದಿಲ್ಲ, ತಂದೆಯ ಹೆಸರಿಗೆ ಹುಡುಕಿ.

ಶಾಲೆಯ ದಾಖಲಾತಿ ರಿಜಿಸ್ಟರ್ ಮುಖ್ಯಾಧ್ಯಾಪಕರ ಕಪಾಟಿನಲ್ಲಿರುತ್ತದೆ. ಊರು, ತಂದೆಯ ಹೆಸರು, ಜಾತಿ, ಹಿಂದಿನ ಶಾಲೆ ನಂಬಬಹುದು. ಹುಟ್ಟಿದ ತಾರೀಖು ಜೂನ್ 1 ಎಂದಿದ್ದರೆ ನಂಬಬೇಡಿ. ಅದು ಮಾಸ್ತರರು ಶಾಲೆಗೆ ಸೇರಿಸಲು ಕೊಟ್ಟ ಹುಟ್ಟುಹಬ್ಬ. ದತ್ತಕ ಹೋದ ಹುಡುಗನಾದರೆ ಶಾಲೆಯಲ್ಲಿ ಹಡೆದ ತಂದೆಯ ಹೆಸರು, ಪಹಣಿಯಲ್ಲಿ ದತ್ತು ತಂದೆಯ ಹೆಸರು ಇರಬಹುದು. ಎರಡೂ ಸರಿಯೇ. ಇಬ್ಬರು ಬೇರೆ ಬೇರೆ ಮನುಷ್ಯರೆಂದು ಬರೆಯಬೇಡಿ.

ಹಂತ 7: ಅಡ್ಡಹೆಸರು ಏನು ಹೇಳುತ್ತದೆ, ಏನು ಹೇಳುವುದಿಲ್ಲ

‘ಅಂಕೋಲೇಕರ’ ಎಂಬವರ ಮೂಲಮನೆಯನ್ನು ಅವರು ಈಗಿರುವ ಊರಲ್ಲಿ ಹುಡುಕಿ ಸಿಗುವುದಿಲ್ಲ. ಅಂಕೋಲೆಯಲ್ಲೇ ಇದ್ದವನನ್ನು ಯಾರೂ ಅಂಕೋಲೇಕರ ಎಂದು ಕರೆಯುವುದಿಲ್ಲ. ಊರು ಬಿಟ್ಟ ಮೇಲೆ ಅಂಟಿಕೊಂಡ ಹೆಸರದು. ಅದರಿಂದ ತಿಳಿಯುವುದು ಬಿಟ್ಟುಬಂದ ಊರು. ಬಿಡುವ ಮುಂಚಿನ ಕಾಗದದಲ್ಲಿ ಅದೇ ಮನೆತನಕ್ಕೆ ಬೇರೆ ಅಡ್ಡಹೆಸರಿರುತ್ತದೆ. ಹೆಗಡೆ, ಭಟ್ಟ, ಶಾನಭಾಗ, ನಾಡಕರ್ಣಿಯಂಥವು ಕೆಲಸದಿಂದ, ಹುದ್ದೆಯಿಂದ ಬಂದವು. ಅಡ್ಡಹೆಸರು ಒಂದೇ ಎಂದು ಕುಲ ಒಂದೇ ಆಗುವುದಿಲ್ಲ.

ನಾಯಕ ಮತ್ತು ನಾಯ್ಕ ಎರಡೂ ಇಂಗ್ಲಿಷಿನಲ್ಲಿ ಒಂದೇ ಥರ ಬಿದ್ದು, ಮತ್ತೆ ಕನ್ನಡಕ್ಕೆ ಬರುವಾಗ ಅದಲು ಬದಲಾಗಿವೆ. ಕೈಬರಹದ ಕನ್ನಡ ಪ್ರತಿ ಸಿಗುವವರೆಗೆ ತೀರ್ಮಾನ ಮಾಡಬೇಡಿ. ಸಾರಸ್ವತ, ದೈವಜ್ಞ ಮನೆಗಳಲ್ಲಿ ಮದುವೆಯಲ್ಲಿ ಹೆಣ್ಣಿನ ಹೆಸರೇ ಬದಲಾಗುವ ರೂಢಿಯಿದೆ. ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಒಂದೇ ಪುಟದಲ್ಲಿ ಬರೆಯಿರಿ.

ಹಂತ 8: ದೇವಸ್ಥಾನ, ಇಗರ್ಜಿ, ಜಮಾತು

ಕುಲದೇವರು ಗೋವೆಯ ಮಂಗೇಶಿಯೋ ಶಾಂತಾದುರ್ಗೆಯೋ ಆಗಿದ್ದರೆ ಅಲ್ಲಿನ ಮಹಾಜನರ ಪಟ್ಟಿ ವಿಚಾರಿಸಿ. ಹಿರಿಯರು ನಾಸಿಕ, ತ್ರ್ಯಂಬಕಕ್ಕೆ ಹೋಗಿದ್ದರೆ ಅಲ್ಲಿನ ಕ್ಷೇತ್ರ ಪುರೋಹಿತರ ವಹಿಗಳಲ್ಲಿ ಬಂದವರ ಹೆಸರು, ತಂದೆ, ಅಜ್ಜ, ಮೂಲ ಊರು ಬರೆದಿರುತ್ತಾರೆ. ಅಡ್ಡಹೆಸರಿಗಿಂತ ಊರಿನ ಹೆಸರು ಹೇಳಿದರೆ ಬೇಗ ಸಿಗುತ್ತದೆ.

ಕ್ರೈಸ್ತ ಮನೆತನಗಳಿಗೆ ಇಗರ್ಜಿಯ ಜ್ಞಾನಸ್ನಾನ, ಮದುವೆ, ಮರಣದ ಮೂರು ಪುಸ್ತಕಗಳಿವೆ. ಲ್ಯಾಟಿನ್ ಅಥವಾ ಪೋರ್ತುಗೀಸಿನಲ್ಲಿದ್ದರೂ ಬರಹದ ಅಚ್ಚು ಒಂದೇ. ನಾಲ್ಕು ಪುಟ ನೋಡಿದರೆ ತಂದೆ-ತಾಯಿಯ ಜಾಗ ಎಲ್ಲಿ, ಜ್ಞಾನ ತಂದೆ-ತಾಯಿಯ ಜಾಗ ಎಲ್ಲಿ ಎಂದು ತಿಳಿಯುತ್ತದೆ. ಜ್ಞಾನ ತಂದೆ ಸಾಮಾನ್ಯವಾಗಿ ಹತ್ತಿರದ ನೆಂಟನೇ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಯೊಯ್ದಾಗ ಇಗರ್ಜಿಗಳೂ ನೆಲಸಮವಾದವು. ಹಾಗಾಗಿ ಅದಕ್ಕೂ ಹಿಂದಿನದು ಬೇಕಾದರೆ ಪಣಜಿಯ ಪತ್ರಾಗಾರದ ಕಡೆ ಹೋಗಬೇಕು. ಭಟ್ಕಳದ ನವಾಯತರಿಗೆ ಜಮಾತಿನ ನಿಕಾಹ್ ಪುಸ್ತಕವೇ ಮೊದಲ ಮೆಟ್ಟಿಲು.

ಹಂತ 9: ಪತ್ರಾಗಾರ, ಕಡೆಗೆ

ಇಲ್ಲಿಗೆ ಮೊದಲೇ ಹೋಗಿ ಹಣ ಕಳೆದುಕೊಳ್ಳಬೇಡಿ. ಯಾವ ವರ್ಷದ ಕಾಗದ ಎನ್ನುವುದರ ಮೇಲೆ ಯಾವ ಊರಿನ ಪತ್ರಾಗಾರ ಎನ್ನುವುದು ನಿಂತಿದೆ. 1799ರಿಂದ ಕೆನರಾ ಮದ್ರಾಸ್ ಆಡಳಿತದಲ್ಲಿತ್ತು, ಹಾಗಾಗಿ 1862ರವರೆಗಿನದು ಚೆನ್ನೈ. ಆ ವರ್ಷ ಉತ್ತರದ ಭಾಗ ಮುಂಬಯಿಗೆ ಸೇರಿದ್ದರಿಂದ 1956ರವರೆಗಿನದು ಮುಂಬಯಿ. ಈಚಿನದು ಬೆಂಗಳೂರು. ಅಲ್ಲಿ ಸಿಗುವುದು ಮೇಲಧಿಕಾರಿಗಳ ಪತ್ರವ್ಯವಹಾರ. ದೊಡ್ಡ ವರ್ಗದಾರ (ಹಿಡುವಳಿಯ ಒಡೆಯ), ಶಾನಭಾಗ, ತಕರಾರು ಹೂಡಿದವರ ಹೆಸರು ಬರಬಹುದು. ಸಣ್ಣ ಹಿಡುವಳಿದಾರನ ಹೆಸರು ಬರುವುದು ಅಪರೂಪ.

ತಾರೀಖು ಹೊಂದಿಸುವುದು

ಶಕ ವರ್ಷಕ್ಕೆ 78 ಕೂಡಿಸಿ. ಮದ್ರಾಸ್ ಕಾಲದ ಫಸಲಿಗೆ (ಕಂದಾಯದ ವರ್ಷ) 590 ಕೂಡಿಸಿ: ಫಸಲಿ 1270 ಎಂದರೆ 1860ರ ಜುಲೈಯಿಂದ 1861ರ ಜೂನ್. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುವುದರಿಂದ ಅದೊಂದನ್ನೇ ನಂಬುವಂತಿಲ್ಲ. ‘ಕಾಳಯುಕ್ತಿಯಲ್ಲಿ ಮನೆಯಲ್ಲಿ ಮೂರು ಜನ ಹೋದರು’ ಎಂದರೆ 1918-19 ಇರಬಹುದು, 1858-59 ಕೂಡ ಇರಬಹುದು. ಇನ್‌ಫ್ಲುಯೆಂಜಾ ಹೊಡೆದ ವರ್ಷ ಮೊದಲನೆಯದು. ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಆದ್ದರಿಂದ ಕಾಳಯುಕ್ತಿಯ ಮಾಘ ಬೀಳುವುದು 1919ರಲ್ಲಿ. ತಿಥಿಯ ಜೊತೆಗೆ ವಾರವೂ ನೆನಪಿದ್ದರೆ ಪಂಚಾಂಗದಲ್ಲಿ ಹೆಚ್ಚಾಗಿ ಒಂದೇ ದಿನ ಉಳಿಯುತ್ತದೆ. ಅದನ್ನು ಮರಣದ ಪುಸ್ತಕದ ತಾರೀಖಿಗೆ ತಾಳೆ ನೋಡಿ.

ದಾರಿ ತಪ್ಪಿದ ಲಕ್ಷಣಗಳು

ತಂದೆ-ಮಗನ ನಡುವೆ 15 ವರ್ಷಕ್ಕಿಂತ ಕಡಿಮೆ ಅಥವಾ 60ಕ್ಕಿಂತ ಹೆಚ್ಚು ಅಂತರ ಬಂದರೆ ಒಂದು ಗಣಪತಿ ಬಿಟ್ಟುಹೋಗಿದೆ, ಇಲ್ಲವೆ ಎರಡು ಸೇರಿಹೋಗಿವೆ. ಒಬ್ಬನೇ 90 ವರ್ಷ ಖಾತೆದಾರನಾಗಿದ್ದರೆ ವಾರಸಾ ಮಾಡಿಸಿಲ್ಲ, ಅವನು ಎಂದೋ ಹೋಗಿದ್ದಾನೆ. ಗೋತ್ರ ಹೊಂದಿದರೂ ಸೂತಕ ಬರುವುದಿಲ್ಲ ಎಂದು ಹಿರಿಯರು ಹೇಳಿದರೆ ಕವಲು ಬೇರೆ. ಹಿಸ್ಸಾ ನಂಬರ್ ಬದಲಾದ ವರ್ಷದಲ್ಲಿ ಪಕ್ಕದ ಮನೆಯ ಜಮೀನಿಗೆ ಜಾರಿಹೋಗಿರುವ ಸಾಧ್ಯತೆ ಇರುತ್ತದೆ, ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಹೋಲಿಸಿ ನೋಡಿ.

ಕಚೇರಿಯಲ್ಲಿ ‘ಕಡತ ಇಲ್ಲ’ ಎಂದರೆ ಅದನ್ನೇ ಹಿಂಬರಹದಲ್ಲಿ ಬರೆಸಿಕೊಳ್ಳಿ. ಬರೆದುಕೊಡಿ ಎಂದಾಗ ಕೆಲವು ಕಡತ ಸಿಕ್ಕಿದ್ದೂ ಉಂಟು. ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೆ ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ. ಉತ್ತರಕ್ಕೆ 30 ದಿನ.

ನೆಂಟರ ಮನೆಗೆ ಪಹಣಿಯ ಕಟ್ಟು ಹಿಡಿದು ಹೋಗಬೇಡಿ. ‘ಪಾಲು ಕೇಳಲು ಬಂದ’ ಎಂಬ ಸುದ್ದಿ ನೀವು ಅಂಗಳ ಇಳಿಯುವ ಮೊದಲೇ ಮುಂದಿನ ಮನೆಗೆ ಮುಟ್ಟಿರುತ್ತದೆ, ಆಮೇಲೆ ಯಾರೂ ಹಿಸೆಪತ್ರ ತೋರಿಸುವುದಿಲ್ಲ. ಮೊದಲ ಭೇಟಿಗೆ ಹಳೆಯ ಫೋಟೋ ಒಯ್ಯಿರಿ. ಫೋಟೋದಲ್ಲಿರುವವರು ಯಾರೆಂದು ಅವರೇ ಹೇಳುತ್ತ ಹೋಗುತ್ತಾರೆ. ಸರ್ವೆ ನಂಬರಿನ ಮಾತು ಎರಡನೇ ಭೇಟಿಗೆ ಇರಲಿ.